ಎಲ್ಲರ ಚಿಕ್ಕಮ್ಮನ ಥೀಸಿಸ್ಸು

ಮೊದಲೇ ಹೇಳಿಬಿಡುತ್ತೇನೆ, ಅವಳು ನನ್ನ ಚಿಕ್ಕಮ್ಮ. ನನ್ನ ಅಮ್ಮನ ಸ್ವಂತ ತಂಗಿ. ನಮ್ಮ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದವರು, ಇತಿಹಾಸದವರು, ಹಾಸ್ಟೆಲ್ಲಿನ ವಾರ್ಡನ್ನು, ಕೊನೆಗೆ ಲೈಬ್ರರಿಯ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವರು ಕೂಡ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಾರೆ. ಕರೆಯಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಮಾತಿನ ಮೇಲೆ ರಕ್ತದ ಹಕ್ಕು ಇರುವವಳು ನಾನೊಬ್ಬಳೇ. ಉಳಿದವರೆಲ್ಲ ನನ್ನಿಂದ ಎರವಲು ಪಡೆದವರು. ಇದು ಹೊಟ್ಟೆಕಿಚ್ಚಿನ ಮಾತು ಅಂತ ನೀವು ಅಂದುಕೊಂಡರೆ, ಸರಿಯಾಗಿಯೇ ಅಂದುಕೊಂಡಿದ್ದೀರಿ.

ಆದದ್ದು ಇಷ್ಟೆ. ನಾನು ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದ ದಿನ ಅವಳಾಗಲೇ ಅದೇ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನಾರ್ಥಿಯಾಗಿ ಹಳಬಳಾಗಿದ್ದಳು, ಸಂಶೋಧನಾರ್ಥಿಗಳ ಸಂಘವನ್ನೂ ಕಟ್ಟಿಕೊಂಡಿದ್ದಳು. ನಾನು ಬೆಳಗಿನಿಂದ ಒಂದು ಸಹಿಗಾಗಿ ಮೂರು ಕಟ್ಟಡ ಸುತ್ತಿ, ಸುಸ್ತಾಗಿ, ಸಂಘದ ಬಾಗಿಲು ದೂಡಿ, "ಚಿಕ್ಕಮ್ಮಾ, ಹಸಿವು!" ಅಂತ ಕೂಗಿದೆ. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಅಲ್ಲಿಯವರೆಗೆ ಅವಳನ್ನು ಏನಂತ ಕರೆಯುವುದು ಅನ್ನುವುದೇ ಅವರಿಗೆ ದೊಡ್ಡ ಸಮಸ್ಯೆಯಾಗಿತ್ತಂತೆ. ಮೇಡಂ ಅಂದರೆ ತೀರಾ ದೂರ, ಅಕ್ಕ ಅನ್ನಲು ಅವಳ ಬಿಳಿ ಕೂದಲು ಅಡ್ಡ, ಹೆಸರು ಹಿಡಿದು ಕರೆಯಲು ಯಾರಿಗೂ ಧೈರ್ಯ ಸಾಲದು. ನಾನು ಹಸಿದುಕೊಂಡು ಹೋಗಿ ಅವರ ಸಮಸ್ಯೆ ಬಗೆಹರಿಸಿದೆ. ಸಂಜೆಯ ಹೊತ್ತಿಗೆ ಹೆಸರು ಎಲ್ಲ ವಿಭಾಗಗಳಿಗೂ ಹಬ್ಬಿತ್ತು.

ಚಿಕ್ಕಮ್ಮ ಬಹಳ ವರ್ಷ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿದ್ದವಳು. ತನ್ನ ಜೊತೆಯವರೆಲ್ಲ ಮೊಣಕಾಲು ನೋವಿನ ಎಣ್ಣೆಗಳ ಬಗ್ಗೆ ಮಾತಾಡಲು ಶುರುಮಾಡಿದ ವಯಸ್ಸಿನಲ್ಲಿ ಕೆಲಸ ಬಿಟ್ಟು ಸಂಶೋಧನೆಗೆ ಸೇರಿದಳು. ಅವಳ ವಿಷಯ ಕಲ್ಲುಹೂವು. ಹಳೆ ಗೋಡೆಯ ಮೇಲೆ, ಮರದ ತೊಗಟೆಯ ಮೇಲೆ ಬೂದು ಹಸಿರು ಚಕ್ಕೆಗಳ ಹಾಗೆ ಅಂಟಿಕೊಂಡು ಬೆಳೆಯುತ್ತದಲ್ಲ, ಅದು. ಬಸ್ಸು ಲಾರಿಗಳ ಹೊಗೆ ಹೆಚ್ಚಾದ ಬೀದಿಯಲ್ಲಿ ಅದು ಹೇಗೆ ಮಾಯವಾಗುತ್ತದೆ, ಹೊಗೆ ಕಡಿಮೆಯಾದರೆ ಹೇಗೆ ಮರಳಿ ಬರುತ್ತದೆ ಅನ್ನುವುದು ಅವಳ ಪ್ರಶ್ನೆ. ಅದಕ್ಕಾಗಿ ಅಳತೆಪಟ್ಟಿ ಹಿಡಿದು ಕಂಡವರ ಕಾಂಪೌಂಡಿಗೆ ಮೂಗು ತಾಗಿಸಿಕೊಂಡು ನಿಲ್ಲುತ್ತಿದ್ದಳು. ರಸ್ತೆ ಅಗಲ ಮಾಡಲು ಬಂದವಳು ಅಂದುಕೊಂಡು ಒಬ್ಬ ಯಜಮಾನರು ನಾಯಿ ಬಿಟ್ಟರು. ಚಿಕ್ಕಮ್ಮ ನಾಯಿಯ ಹತ್ತಿರ ಅದೇನು ಮಾತಾಡಿದಳೋ, ಅದು ಬಾಲ ಅಲ್ಲಾಡಿಸುತ್ತಾ ಕೂತಿತು. ಯಜಮಾನರು ಹೊರಗೆ ಬಂದು ನಾಯಿಗೇ ಬೈದರು.

ಚಿಕ್ಕಪ್ಪ ಹಲ್ಲಿನ ಸೆಟ್ಟು ಮಾಡುವವರು. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ, ಚಿಕ್ಕಪ್ಪ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲು ಜೋಡಿಸಿ ಉಜ್ಜಿ ಹೊಳಪು ಕೊಡುತ್ತಾರೆ. ಆ ಮನೆಗೆ ಯಾವಾಗ ಹೋದರೂ ಮೇಜಿನ ಮೇಲೆ ಸಾಲಾಗಿ ಹಲ್ಲುಗಳು ನಗುತ್ತಿರುತ್ತವೆ. "ನಮ್ಮ ಮನೇಲಿ ನಾನು ನಗದಿದ್ರೂ ನಗು ಇರುತ್ತೆ," ಅನ್ನುವುದು ಚಿಕ್ಕಪ್ಪನ ಹಳೇ ಜೋಕು. ನಾವು ಪ್ರತಿಸಲ ನಗುತ್ತೇವೆ, ಇಲ್ಲದಿದ್ದರೆ ಅವರು ಅದನ್ನು ಇನ್ನೊಮ್ಮೆ ಹೇಳುತ್ತಾರೆ.

ಸಂಘದ ಯೋಚನೆ ಅವಳಿಗೆ ಬಂದದ್ದು ಮೊದಲ ವರ್ಷವೇ. ಪದವಿ ಓದುವವರಿಗೆ ಮೈದಾನ ಇದೆ, ಪ್ರಾಧ್ಯಾಪಕರಿಗೆ ಕ್ಲಬ್ಬು ಇದೆ. ಸಂಶೋಧನೆ ಮಾಡುವವರು ಮಾತ್ರ ಇಡೀ ವಾರ ಯಾರ ಹತ್ತಿರವೂ ಬಾಯಿ ಬಿಡದೆ ಬದುಕಬಹುದು, ಕೇಳುವವರಿಲ್ಲ. ಒಂದು ಕೋಣೆ ಕೊಡಿ ಅಂತ ಅವಳು ಕುಲಸಚಿವರ ಹಿಂದೆ ಬಿದ್ದಳು. ಜಗಳವಿಲ್ಲ, ಘೋಷಣೆಯಿಲ್ಲ. ದಿನಾ ಬೆಳಿಗ್ಗೆ ಅವರ ಕಚೇರಿಯ ಬಾಗಿಲಲ್ಲಿ ನಿಂತು, "ನಮಸ್ಕಾರ ಸರ್, ಆರೋಗ್ಯವಾಗಿದ್ದೀರಾ?" ಅಂತ ನಗುವುದು, ಅಷ್ಟೇ. ಆ ನಗುವಿನ ಕಾಟ ತಡೆಯಲಾರದೆ ಅವರು ಲೈಬ್ರರಿಯ ಹಿಂದಿನ ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳನ್ನು ತುಂಬಿದ್ದ ಉಗ್ರಾಣದ ಬೀಗದ ಕೈ ಕೊಟ್ಟು ಕೈತೊಳೆದುಕೊಂಡರು.

ಈಗ ಆ ಕೋಣೆ ನೋಡಬೇಕು. ಮೆಟ್ಟಿಲಿನ ಇಳಿಜಾರೇ ಚಾವಣಿ, ಹಾಗಾಗಿ ಎತ್ತರದವರು ಬಾಗಿಲ ಹತ್ತಿರ, ಕುಳ್ಳಗಿರುವವರು ಒಳಗಿನ ಮೂಲೆಯಲ್ಲಿ. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು. ಒಂದು ಸೋಫಾ, ರಿಪೇರಿ ಮಾಡಿಸಿದ ಕುರ್ಚಿಗಳು, ನೀರು ಕಾಯಿಸುವ ಕೆಟಲ್ಲು, ಮೂಲೆಯಲ್ಲೊಂದು ಪುಟ್ಟ ಸಿಂಕು, ಅದರ ಪಕ್ಕದ ಹಲಗೆಯ ಮೇಲೆ ಬಣ್ಣ ಬಣ್ಣದ ಲೋಟಗಳು. ಚಾವಣಿಯ ಮೇಲೆ ಯಾರಾದರೂ ದಡದಡ ಮೆಟ್ಟಿಲಿಳಿದರೆ ನಮ್ಮ ಟೀಯಲ್ಲಿ ಅಲೆ ಏಳುತ್ತಿತ್ತು. ಚಿಕ್ಕಮ್ಮನ ಟೀ ಮಾತ್ರ, ಅವಳು ಯಾರದೋ ಕಷ್ಟ ಕೇಳುತ್ತಾ ಕೂತಿರುವಾಗಲೇ, ದಿನಾ ಆರಿಹೋಗುತ್ತಿತ್ತು.

ಆ ಕೋಣೆಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಒಳಗೆ ಬಂದ ಮೇಲೆ ಯಾರೂ ಯಾರನ್ನೂ "ಥೀಸಿಸ್ ಯಾವಾಗ ಮುಗಿಯುತ್ತೆ?" ಅಂತ ಕೇಳುವಂತಿಲ್ಲ. ಕೇಳಿದವರು ಆಗ ಅಲ್ಲಿರುವ ಲೋಟಗಳನ್ನೆಲ್ಲ ತೊಳೆಯಬೇಕು.

ಇದರ ಹಿಂದೆ ಒಬ್ಬ ರಸಾಯನಶಾಸ್ತ್ರದವನಿದ್ದ. ಹಿಂದಿನ ಗೇಟಿನಿಂದ ಬರುತ್ತಿದ್ದ, ಕ್ಯಾಂಟೀನಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಊಟ ಮಾಡುತ್ತಿದ್ದ, ಎದುರಿಗೆ ಯಾರಾದರೂ ಕಂಡರೆ ಫೋನು ಕಿವಿಗಿಟ್ಟುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ. ಚಿಕ್ಕಮ್ಮ ಅವನನ್ನು ಕ್ಯಾಂಟೀನಿನಲ್ಲಿ ಹಿಡಿದು ಕೂರಿಸಿ, ಯಾಕಪ್ಪಾ ಹೀಗೆ ಅಂತ ವಿಚಾರಿಸಿದಳು. "ಎಲ್ಲರೂ ಅದೊಂದೇ ಕೇಳ್ತಾರೆ, ಮುಗೀತಾ, ಯಾವಾಗ ಮುಗಿಯುತ್ತೆ ಅಂತ. ನಾನು ಹೇಗಿದ್ದೀನಿ ಅಂತ ಕೇಳೋರು ಒಬ್ಬರೂ ಇಲ್ಲ," ಅಂದನಂತೆ ಅವನು. ಮರುದಿನದಿಂದ ನಿಯಮ ಜಾರಿಗೆ ಬಂತು. ಅವನು ಬಂದು ಕೂರತೊಡಗಿದ, ಥೀಸಿಸ್ಸೂ ಮುಗಿಸಿದ, ಈಗ ಎಲ್ಲೋ ಪಾಠ ಮಾಡುತ್ತಿದ್ದಾನೆ.

ನಿಯಮ ಎಲ್ಲರಿಗೂ ಒಂದೇ. ಒಮ್ಮೆ ಡೀನ್ ಸಾಹೇಬರು ಸಂಘ ನೋಡಲು ಬಂದರು. ಟೀ ಕುಡಿದು, ಸೋಫಾದ ಮೇಲೆ ಆರಾಮಾಗಿ ಕೂತು, ಪಕ್ಕದವನ ಬೆನ್ನು ತಟ್ಟಿ, "ಏನಪ್ಪಾ, ಥೀಸಿಸ್ ಯಾವಾಗ?" ಅಂದುಬಿಟ್ಟರು. ಚಿಕ್ಕಮ್ಮ ಎದ್ದು, ಕೈಮುಗಿದು, ಸಿಂಕಿನ ಕಡೆ ದಾರಿ ತೋರಿಸಿದಳು. ಪುಣ್ಯಾತ್ಮರು ಕೋಟು ಬಿಚ್ಚಿ, ತೋಳು ಮಡಚಿ, ಒಂದೊಂದೇ ಲೋಟ ತಿಕ್ಕಿ ತಿಕ್ಕಿ ತೊಳೆದರು. ಮಾರನೇ ವಾರ ಮೆಟ್ಟಿಲ ಹತ್ತಿರ ಸಿಕ್ಕಿದಾಗ ಅವರು ನನ್ನ ಹತ್ತಿರ ಮೆಲ್ಲಗೆ, "ಮನೇಲಿ ಈಗ ನನಗೆ ಪಾತ್ರೆ ತೊಳೆಯೋಕೆ ಬರುತ್ತೆ ಅಂತ ಗೊತ್ತಾಗಿಬಿಟ್ಟಿದೆ ಕಣಮ್ಮ," ಅಂತ ಅಲವತ್ತುಕೊಂಡರು.

ಚಿಕ್ಕಮ್ಮನ ಇನ್ನೊಂದು ಕಸುಬು ಗೈಡ್ ಆಟ. ಥೀಸಿಸ್ ತಿದ್ದುವ ಗೈಡ್ ಪ್ರಾಧ್ಯಾಪಕರ ಎದುರು ಬಾಯಿ ಕಟ್ಟಿಹೋಗುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅವರ ಅಭ್ಯಾಸಕ್ಕಾಗಿ ಅವಳು ಚಿಕ್ಕಪ್ಪನ ಹಳೇ ಕೋಟು ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಾನೇ ಸಿಡುಕು ಗೈಡ್ ಆಗಿ ಕೂರುತ್ತಿದ್ದಳು. "ಏನ್ರೀ ಇದು, ಇದನ್ನ ಅಧ್ಯಾಯ ಅಂತ ಕರೀತಾರಾ?" ಅಂತ ಅವಳು ಹಾಳೆ ಎತ್ತಿ ಬಿಸಾಡಿದರೆ ಎದುರಿಗೆ ಕೂತವರ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಗಾಳಿಪಟ ನಿಜವಾಗಿಯೇ ಅತ್ತುಬಿಟ್ಟ. ಗಾಳಿಪಟ ಅಂದರೆ ಭೌತಶಾಸ್ತ್ರದವನು. ಗಾಳಿಯ ಸುಳಿಗಳ ಮೇಲೆ ಸಂಶೋಧನೆ, ಮೈಯಲ್ಲಿ ಮಾಂಸವಿಲ್ಲ, ನಡೆದರೆ ತೇಲಿದ ಹಾಗೆ. ಅವನು ಅತ್ತದ್ದು ನೋಡಿ ಚಿಕ್ಕಮ್ಮ ಕೋಟು ಹಾಕಿಕೊಂಡೇ ತಾನೂ ಅತ್ತಳು. ಆಮೇಲೆ ಇಬ್ಬರೂ ಸೇರಿ ಬಿಸ್ಕೆಟ್ ತಿಂದರು.

ಶನಿವಾರ ಮಾತ್ರ ಬೇರೆ ಕಥೆ. ಅವತ್ತು ಲೈಬ್ರರಿಯ ಪಕ್ಕದ ಸಣ್ಣ ಸಭಾಂಗಣದಲ್ಲಿ ಮೌನ ಕೂಟ. ಎಲ್ಲರೂ ತಮ್ಮ ತಮ್ಮ ಥೀಸಿಸ್ ತಂದು ಬಾಯಿ ಮುಚ್ಚಿಕೊಂಡು ಬರೆಯಬೇಕು. ಚಿಕ್ಕಮ್ಮ ಒಂದು ಹಳೇ ಕುಕ್ಕರ್ ಹಿಡಿದು ಬಾಗಿಲಲ್ಲಿ ನಿಂತು ಎಲ್ಲರ ಫೋನನ್ನೂ ಅದರೊಳಗೆ ಹಾಕಿಸಿ ಮುಚ್ಚಳ ಮುಚ್ಚುತ್ತಿದ್ದಳು. ಒಳಗಿನಿಂದ ಗುಂಯ್ ಗುಂಯ್ ಅಂತ ಸದ್ದು ಬಂದರೆ, "ಬೇಯ್ತಾ ಇದೆ, ಬೇಯಲಿ," ಅನ್ನುತ್ತಿದ್ದಳು. ನಾವು ಬರೆಯುವಷ್ಟು ಹೊತ್ತು ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು, ಒಳಗೆ ಕೂರಲಾರದೆ ಎದ್ದು ಬಂದವರ ದುಃಖ ಕೇಳುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಒಂದು ಶನಿವಾರವೂ ಒಳಗೆ ಕೂತು ಬರೆದದ್ದನ್ನು ನಾನು ನೋಡಿಲ್ಲ. ನೋಡಿಲ್ಲ ಅನ್ನುವುದು ನನ್ನ ತಲೆಗೂ ಹೊಳೆದಿರಲಿಲ್ಲ.

ಹೊಳೆದದ್ದು ಕ್ಲರ್ಕ್ ಮೇಡಂ ಹೇಳಿದಾಗ. ಸಂಶೋಧನಾ ವಿಭಾಗದ ಕಚೇರಿಯಲ್ಲಿ ನಾನು ನನ್ನದೇನೋ ಸಹಿಗೆ ನಿಂತಿದ್ದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತಿ, "ನಿಮ್ಮ ಚಿಕ್ಕಮ್ಮ ಯಾಕಮ್ಮ ಇನ್ನೂ ಬಂದಿಲ್ಲ?" ಅಂದರು.

"ಯಾಕೆ ಮೇಡಂ, ಬರಬೇಕಿತ್ತಾ?"

"ಅಯ್ಯೋ, ಅವರದ್ದು ಇದೇ ಕೊನೇ ಟರ್ಮು. ಕೊಡಬೇಕಾದ ಹೆಚ್ಚುವರಿ ಅವಧಿ ಎಲ್ಲ ಕೊಟ್ಟಾಗಿದೆ. ಮುಂದಿನ ತಿಂಗಳ ಕೊನೆಯೊಳಗೆ ಥೀಸಿಸ್ ಒಪ್ಪಿಸದಿದ್ರೆ ಹೆಸರು ತೆಗೆದುಬಿಡ್ತಾರೆ. ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ. ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ. ಕೇಳುವಂತಿರಲಿಲ್ಲ! ಅವಳ ಮನೆಗೆ ಹೋದರೂ ಅದೇ ಕಾಯಿದೆ; ನನ್ನ ಮನೇನೂ ಸಂಘದ ಶಾಖೆನೇ ಅಂತ ಅವಳು ಘೋಷಿಸಿಬಿಟ್ಟಿದ್ದಳು. ನನ್ನ ಅಮ್ಮ ಫೋನಿನಲ್ಲಿ ಬಾಯ್ತಪ್ಪಿ ಕೇಳಿದರೆ, "ಅಕ್ಕಾ, ನಿನ್ನ ಮನೆ ಲೋಟ ತೊಳ್ಕೋ," ಅಂತ ಫೋನಿಡುತ್ತಿದ್ದಳು. ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡ ನಾವಷ್ಟೂ ಮಂದಿ, ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ನಿಯಮಕ್ಕೆ ಅಂಜಿ ನುಂಗಿಕೊಂಡು ಕೂತಿದ್ದೆವು. ಅವಳು ಆ ನಿಯಮದ ಮರೆಯಲ್ಲಿ ಹಾಯಾಗಿ ಅಡಗಿ ಕೂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು ಬಲು ಕೆಟ್ಟದ್ದು, ಎದುರಿಗೆ ಸಿಕ್ಕಿದ ಮೆಟ್ಟಿಲನ್ನೂ ಒದೆಯಬೇಕು ಅನ್ನಿಸುತ್ತದೆ.

ನೇರ ಸಂಘಕ್ಕೆ ಹೋದೆ. ಮಧ್ಯಾಹ್ನದ ಟೀ ಹೊತ್ತು, ಕೋಣೆ ತುಂಬಿತ್ತು. ಚಿಕ್ಕಮ್ಮ ಯಾರದೋ ಅಂಗಿಯ ಗುಂಡಿ ಹೊಲಿಯುತ್ತಾ ಕೂತಿದ್ದಳು.

"ಚಿಕ್ಕಮ್ಮ, ನಿನ್ನ ಥೀಸಿಸ್ ಯಾವಾಗ ಮುಗಿಯುತ್ತೆ?" ಅಂದೆ, ಜೋರಾಗಿ.

ಶಾಸನ ತನ್ನ ಲೋಟ ಕೆಳಗಿಟ್ಟು, "ನಿಯಮ ನಿಯಮವೇ. ಎದ್ದು ತೊಳಿ," ಅಂದಳು. ಶಾಸನ ಅಂದರೆ ಇತಿಹಾಸದವಳು, ಹಳೇ ಕಲ್ಬರಹಗಳನ್ನು ಓದಿ ಓದಿ ಅವಳ ಮಾತೂ ಕಲ್ಲಿನಲ್ಲಿ ಕೆತ್ತಿದ ಹಾಗೆ ಆಗಿಬಿಟ್ಟಿದೆ.

ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ಗುಂಡಿಯ ದಾರ ಹಲ್ಲಿನಿಂದ ಕಡಿದು, "ಕೇಳಿಸ್ತಲ್ಲ, ತೊಳಿ," ಅಂದಳು.

ತೊಳೆಯುತ್ತಲೇ ಹೇಳಿದೆ. ಕ್ಲರ್ಕ್ ಮೇಡಂ ಹೇಳಿದ್ದೆಲ್ಲವನ್ನೂ, ಸಿಂಕಿನ ಕಡೆ ಮುಖ ಮಾಡಿಕೊಂಡು, ನೀರಿನ ಸದ್ದಿಗಿಂತ ಗಟ್ಟಿಯಾಗಿ ಹೇಳಿದೆ. ಕೊನೆಯ ಲೋಟ ಹಲಗೆಯ ಮೇಲಿಟ್ಟು ತಿರುಗಿದಾಗ ಗಾಳಿಪಟ ತಲೆ ಚಾವಣಿಗೆ ತಾಗದ ಹಾಗೆ ಬಗ್ಗಿಕೊಂಡು ಎದ್ದು ನಿಂತಿದ್ದ.

"ಚಿಕ್ಕಮ್ಮ," ಅಂದ, ಗಂಟಲು ಸರಿಮಾಡಿಕೊಂಡು, "ಥೀಸಿಸ್ ಯಾವಾಗ ಕೊಡ್ತೀರಾ?"

ಕೇಳಿದವನೇ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಆಗಷ್ಟೇ ತೊಳೆದ ಲೋಟಗಳನ್ನೇ ಮತ್ತೆ ತೊಳೆಯಲು ಹಿಡಿದ. ಅವನ ಹಿಂದೆ ಅರ್ಥಶಾಸ್ತ್ರದವನೊಬ್ಬ ಕೇಳಿದ, ಬಂದ. ಗಣಿತದ ಅವಳಿ ಹುಡುಗಿಯರು ಒಟ್ಟಿಗೇ ಕೇಳಿ ಒಟ್ಟಿಗೇ ಬಂದರು. ಸಿಂಕಿನ ಮುಂದೆ ಬಸ್ಸಿಗೆ ಕಾದವರ ಹಾಗೆ ಸಾಲು ಬೆಳೆಯಿತು. ಕೊನೆಗೆ ಶಾಸನ ಎದ್ದಳು. ಅವಳು ಸಂಘಕ್ಕೆ ಸೇರಿದಂದಿನಿಂದ ಒಂದೇ ಒಂದು ಲೋಟವನ್ನೂ ಶಿಕ್ಷೆಗಾಗಿ ತೊಳೆದವಳಲ್ಲ. "ಚಿಕ್ಕಮ್ಮ, ಯಾವಾಗ?" ಅಂತ ಕೇಳಿ, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಸಾಲಿನ ಕೊನೆಯಲ್ಲಿ ನಿಂತಳು.

ಚಿಕ್ಕಮ್ಮನ ಮುಖ ಕೆಂಪಗಾಗಿತ್ತು. "ಇದಕ್ಕೇನಾ ನಾನು ನಿಯಮ ಮಾಡಿದ್ದು? ಎಲ್ಲ ಸೇರಿ ನನ್ನನ್ನೇ ಹಿಂಡ್ತೀರಾ?" ಅಂದವಳೇ ಚೀಲ ತಗೊಂಡು ಹೊರಟುಹೋದಳು. ಗುಂಡಿ ಹೊಲಿಸಿಕೊಳ್ಳಲು ಕೂತಿದ್ದವನು ಬನಿಯನ್ನಿನಲ್ಲೇ ಅವಳ ಹಿಂದೆ ಓಡಿ, ಅಂಗಿಯನ್ನೂ ಅವಳೇ ತಗೊಂಡು ಹೋಗಿದ್ದಾಳೆ ಅಂತ ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದ.

ಆ ಅಂಗಿಯ ನೆಪದಲ್ಲೇ ನಾನು ಸಂಜೆ ಅವಳ ಮನೆಗೆ ಹೋದೆ. ಚಿಕ್ಕಪ್ಪ ಯಾರದೋ ಮೇಲಿನ ಸಾಲಿಗೆ ಹೊಳಪು ಕೊಡುತ್ತಿದ್ದರು. ಚಿಕ್ಕಮ್ಮ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಅಂಗಿ ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಎಷ್ಟು ಉಳಿದಿದೆ ಚಿಕ್ಕಮ್ಮ?"

"ಕೊನೇ ಅಧ್ಯಾಯ."

"ಅಳತೆಗಳು?"

"ಎಲ್ಲ ಆಗಿವೆ. ಯಾವತ್ತೋ ಆಗಿವೆ."

"ಮತ್ತೆ ಏನು ಕಷ್ಟ?"

ಅವಳು ಮಡಚಿದ ಅಂಗಿಯನ್ನು ಮತ್ತೆ ಬಿಚ್ಚಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ಬರೆಯೋಕೆ ಕೂತ್ರೆ ಯಾರೋ ಬಾಗಿಲು ತಟ್ತಾರೆ ಕಣೇ. ತಟ್ಟದಿದ್ರೆ ನಾನೇ ಎದ್ದು ಹೋಗಿ ನೋಡ್ತೀನಿ, ಯಾರಾದ್ರೂ ಬಂದ್ರಾ ಅಂತ. ಅಲ್ಲಿ ಎಲ್ಲರಿಗೂ ನಾನು ಬೇಕು. ಆ ಖಾಲಿ ಪುಟದ ಮುಂದೆ ಕೂತ್ರೆ ನನಗೆ ಏನೂ ಗೊತ್ತಿಲ್ಲ ಅನ್ಸುತ್ತೆ. ಒಪ್ಪಿಸಿಬಿಟ್ರೆ ಅವತ್ತೇ ವಿದ್ಯಾರ್ಥಿಗಳ ಪಟ್ಟಿಯಿಂದ ಹೊರಗೆ. ವಿದ್ಯಾರ್ಥಿ ಅಲ್ಲದವರು ಸಂಘ ನಡೆಸೋ ಹಾಗಿಲ್ಲ, ನಾನೇ ಬರೆಸಿದ ಕಾನೂನು ಅದು. ಆ ಕೋಣೆ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ? ನಾನಿಲ್ಲದಿದ್ರೆ ಆ ಮಕ್ಕಳು ಏನ್ ಮಾಡ್ತಾವೆ?"

ಅವಳು ಆ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಳ್ಳತೊಡಗಿದಳು. ಸಮಾಧಾನ ಮಾಡುವ ಕೆಲಸ ನಮ್ಮಿಬ್ಬರಲ್ಲಿ ಯಾವತ್ತೂ ಅವಳದೇ ಆಗಿತ್ತು.

ಚಿಕ್ಕಪ್ಪ ಮಷೀನು ನಿಲ್ಲಿಸಿದರು. ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ದೀಪದ ಕೆಳಗೆ ಹಿಡಿದು ಆ ಕಡೆ ಈ ಕಡೆ ನೋಡಿ, "ನೋಡೇ, ನಾನು ಜನಕ್ಕೆ ಹಲ್ಲು ಮಾಡಿ ಕೊಡ್ತೀನಿ. ಕೊಟ್ಟಮೇಲೆ ಅವರ ಬಾಯೊಳಗೆ ಕೂತ್ಕೊಂಡು ನಾನೇ ಅಗೀತೀನಾ?" ಅಂದರು.

ಕಣ್ಣು ಒರೆಸಿಕೊಳ್ಳುತ್ತಿದ್ದ ಚಿಕ್ಕಮ್ಮನ ಕೈ ಹಾಗೇ ನಿಂತಿತು. ಮೊದಲು ಭುಜ ಅಲ್ಲಾಡಿತು. ಆಮೇಲೆ ನಗು ಉಕ್ಕಿತು. ಅವಳು ಚಿಕ್ಕಪ್ಪನನ್ನು ಯಾರದೋ ಬಾಯೊಳಗೆ ಕೂರಿಸಿ ನೋಡಿರಬೇಕು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಚಿಕ್ಕಪ್ಪ ಮಾತ್ರ, ಇಷ್ಟು ವರ್ಷದಲ್ಲಿ ಒಂದು ಹೊಸ ಜೋಕು ಹುಟ್ಟಿತಲ್ಲ ಅಂತ ಬೆರಗಾಗಿ ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ನಾಳೆಯಿಂದ ಸಂಘ ನಮ್ಮದು," ಅಂದೆ. "ನೀನು ಆ ಕಡೆ ತಲೆ ಹಾಕಬಾರದು."

"ನೀವೆಲ್ಲ ಸೇರಿ ಹಾಳು ಮಾಡ್ತೀರ."

"ಮಾಡ್ತೀವಿ. ನೀನು ಬರಿ."

ಹೇಳಿದ ಹಾಗೇ ಹಾಳು ಮಾಡಿದೆವು. ಸಭಾಂಗಣ ಕಾದಿರಿಸುವ ಕೆಲಸ ಗಾಳಿಪಟನದ್ದು. ಅವನು ಮೌನ ಕೂಟಕ್ಕೂ ನೃತ್ಯ ಕಲಿಯುವವರಿಗೂ ಒಂದೇ ಶನಿವಾರ, ಒಂದೇ ಹೊತ್ತು, ಒಂದೇ ಸಭಾಂಗಣ ಕೊಟ್ಟುಬಿಟ್ಟ. ಒಂದು ಗುಂಪು ಲ್ಯಾಪ್‌ಟಾಪು ಹಿಡಿದು ಬಂತು, ಇನ್ನೊಂದು ಗುಂಪು ಸ್ಪೀಕರ್ ಹಿಡಿದು ಬಂತು. ಯಾರೂ ಬಿಟ್ಟುಕೊಡಲಿಲ್ಲ. ಅರ್ಧ ಸಭಾಂಗಣದಲ್ಲಿ ಕುಣಿತ, ಅರ್ಧದಲ್ಲಿ ಬರವಣಿಗೆ. ಅರ್ಥಶಾಸ್ತ್ರದವನು ಕಾಲಿನಲ್ಲಿ ತಾಳ ಹಾಕುತ್ತಾ, ತಿಂಗಳುಗಳಿಂದ ಮುಂದೆ ಹೋಗದೆ ನಿಂತಿದ್ದ ಅಧ್ಯಾಯವನ್ನು ಆವತ್ತೇ ಬರೆದು ಮುಗಿಸಿ, ಎದ್ದು ಹೋಗಿ ಕುಣಿಯುವವರ ಜೊತೆ ಸೇರಿಕೊಂಡ. ಮುಂದಿನ ಶನಿವಾರವೂ ಹಾಗೇ ಇರಲಿ ಅಂತ ಎರಡೂ ಗುಂಪಿನವರು ಬಂದು ಕೇಳಿದರು.

ಗೈಡ್ ಆಟ ನನ್ನ ಪಾಲಿಗೆ ಬಂತು. ನಾನು ಕೋಟು ಹಾಕಿಕೊಂಡು ಬೈದರೆ ಎದುರಿನವರಿಗೆ ಆಟ ಶುರುವಾಗಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾನು ಯಾವಾಗಲೂ ಹಾಗೇ ಮಾತಾಡುತ್ತೇನಂತೆ. ಹೊಸದಾಗಿ ಮನಶ್ಶಾಸ್ತ್ರಕ್ಕೆ ಸೇರಿದ ಹುಡುಗಿಯೊಬ್ಬಳು ನನ್ನೆದುರು ಬಿಕ್ಕಿ ಬಿಕ್ಕಿ ಅತ್ತಳು. ಬಾಯಿಗೆ ಬಂದದ್ದು ಹೇಳಿದೆ: "ನೋಡಮ್ಮ, ಇಲ್ಲಿ ಅತ್ತವರ ಸರಾಸರಿಗೆ ಹೋಲಿಸಿದ್ರೆ ನೀನು ಅತ್ತಿದ್ದು ಏನೇನೂ ಅಲ್ಲ." ಅವಳು ಮೂಗು ಒರೆಸಿಕೊಂಡು ನಕ್ಕಳು. ಮರುದಿನ ಮತ್ತೆ ಬಂದಳು, ಅದರ ಮರುದಿನವೂ ಬಂದಳು. ಕೆಟಲ್ಲಿನ ಉಸ್ತುವಾರಿಯನ್ನು ಯಾರೂ ಕೊಡದೆ ತಾನೇ ವಹಿಸಿಕೊಂಡಳು.

ಚಿಕ್ಕಮ್ಮ ಸುಮ್ಮನೆ ಕೂರುವ ಪೈಕಿಯೇ? ಒಂದು ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನಲ್ಲಿ, ಸೈಕಲ್ಲುಗಳ ಹಿಂದೆ ಬಗ್ಗಿ, ಕಿಟಕಿಯಿಂದ ಒಳಗೆ ಇಣುಕುತ್ತಿದ್ದವಳನ್ನು ಶಾಸನ ಹಿಡಿದಳು. "ಇಲ್ಲಿ ಕಲ್ಲುಹೂವು ಇದೆಯಾ ಅಂತ ನೋಡ್ತಿದ್ದೆ," ಅಂದಳಂತೆ. "ಅದು ಸೈಕಲ್ ಮೇಲೆ ಬೆಳೆಯಲ್ಲ. ಮನೆಗೆ ನಡೀರಿ," ಅಂತ ಶಾಸನ ಬಸ್ ಸ್ಟಾಪಿನವರೆಗೂ ಹೋಗಿ, ಬಸ್ಸು ಹತ್ತಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ಬಂದಳು. ಮನೆಯಲ್ಲಿ ಚಿಕ್ಕಪ್ಪನ ಕಾವಲು. ಬಾಗಿಲು ತಟ್ಟಿದರೆ ಅವರೇ ಎದ್ದು ಹೋಗುತ್ತಿದ್ದರು, ಚಿಕ್ಕಮ್ಮ ಕುರ್ಚಿಯಿಂದ ಕದಲಿದರೆ ಮಷೀನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

ಅವಳು ಬರೆದಳು. ಮೊದಮೊದಲು ಒದ್ದಾಡಿದಳು, ಅಳಿಸಿದಳು, ನನಗೆ ಫೋನು ಮಾಡಿ ಬೈದಳು. ಒಂದು ದಿನ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಗಾಬರಿಯಾಗಿ ನಾನೇ ಮಾಡಿದೆ. ಚಿಕ್ಕಪ್ಪ ಎತ್ತಿಕೊಂಡು ಪಿಸುಮಾತಿನಲ್ಲಿ, "ಈಗ ಮಾತಾಡಿಸ್ಬೇಡ. ತನ್ನಷ್ಟಕ್ಕೆ ಹಾಡ್ಕೊಂಡು ಬರೀತಾ ಇದ್ದಾಳೆ," ಅಂದರು. ನಾನು ಫೋನಿಟ್ಟು ಕಾರಿಡಾರಿನಲ್ಲಿ ನಿಂತಲ್ಲೇ ಒಂದು ಸುತ್ತು ತಿರುಗಿದೆ. ಯಾರೂ ನೋಡಲಿಲ್ಲ, ನೋಡಿದ್ದರೂ ಚಿಂತೆಯಿರಲಿಲ್ಲ.

ಒಪ್ಪಿಸುವ ದಿನ ನಾವಿಬ್ಬರೂ ಒಟ್ಟಿಗೆ ಹೋದೆವು. ಬೈಂಡ್ ಮಾಡಿಸಿದ ಪ್ರತಿಗಳನ್ನು ಅವಳು ಯಾರ ಕೈಗೂ ಕೊಡದೆ ಎದೆಗೊತ್ತಿಕೊಂಡು ಬಂದಳು. ಕ್ಲರ್ಕ್ ಮೇಡಂ ಪುಟ ತಿರುವಿ, ಮುದ್ರೆ ಒತ್ತಿ, ವಿದ್ಯಾರ್ಥಿ ಕಾರ್ಡನ್ನು ವಾಪಸು ತೆಗೆದುಕೊಂಡು, "ಆಯ್ತು ಚಿಕ್ಕಮ್ಮ," ಅಂದರು. ಅಷ್ಟೇ. ಚಿಕ್ಕಮ್ಮ ಇನ್ನೂ ಏನೋ ಇರಬೇಕು ಅನ್ನುವ ಹಾಗೆ ಕೌಂಟರಿನ ಮುಂದೆ ನಿಂತೇ ಇದ್ದಳು. ನಾನು ಕೈ ಹಿಡಿದು ಹೊರಗೆ ಕರಕೊಂಡು ಬಂದೆ.

"ಒಂದ್ಸಲ ಕೋಣೆ ಕಡೆ ಹೋಗಿ ಬರೋಣ್ವಾ? ಒಳಗೆ ಬರಲ್ಲ. ಬಾಗಿಲಲ್ಲೇ ನಿಂತು ನೋಡ್ತೀನಿ," ಅಂದಳು.

ಗಾಳಿಪಟ, ಶಾಸನ, ಹಳಬರೆಲ್ಲ ಶನಿವಾರದ ಕೂಟದ ತಯಾರಿಗೆ ಸಭಾಂಗಣದಲ್ಲಿ ಕುರ್ಚಿ ಎಳೆದಾಡುತ್ತಿದ್ದರು. ಕೋಣೆಯಲ್ಲಿದ್ದವರೆಲ್ಲ ಈ ಟರ್ಮಿಗೆ ಸೇರಿದ ಹೊಸಬರು. ಯಾವುದೋ ವಾದಕ್ಕೆ ಬಿದ್ದು ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಡುನಡುವೆ ನಗು. ಚಿಕ್ಕಮ್ಮ ಹೊಸ್ತಿಲ ಹೊರಗೆ ನಿಂತಳು. ನಾನು ಅವಳ ಹಿಂದೆ. ಕೆಟಲ್ಲಿನ ಪಕ್ಕದಿಂದ ಆ ಮನಶ್ಶಾಸ್ತ್ರದ ಹುಡುಗಿ ತಲೆ ಎತ್ತಿ ನೋಡಿದಳು. ಚಿಕ್ಕಮ್ಮನ ಬಗ್ಗೆ ಅವಳು ಕೇಳಿದ್ದಳು, ಕಂಡಿರಲಿಲ್ಲ.

"ಬನ್ನಿ ಬನ್ನಿ! ಹೊಸಬರಾ? ಬಾಗಿಲಲ್ಲಿ ಯಾಕೆ ನಿಂತ್ರಿ, ಇಲ್ಲಿ ಯಾರೂ ಏನೂ ಅನ್ನಲ್ಲ," ಅಂತ ಅವಳು ಬಂದು ಚಿಕ್ಕಮ್ಮನ ತೋಳು ಹಿಡಿದಳು. ನಾನು ಬಾಯಿ ತೆರೆದೆ. ಚಿಕ್ಕಮ್ಮ ಬೆನ್ನ ಹಿಂದಿನಿಂದ ಕೈ ಆಡಿಸಿ, ಸುಮ್ಮನಿರು ಅಂತ ಸನ್ನೆ ಮಾಡಿದಳು.

"ಈ ಕಡೆ ಕೂತ್ಕೊಳ್ಳಿ, ಆ ಕಡೆ ಸ್ಪ್ರಿಂಗ್ ಚುಚ್ಚುತ್ತೆ. ತುಂಬ ಸುಸ್ತಾದ ಹಾಗೆ ಕಾಣ್ತೀರಲ್ಲ. ಊಟ ಮಾಡಿದ್ರಾ?"

ಚಿಕ್ಕಮ್ಮ ಇಲ್ಲ ಅಂತ ತಲೆಯಾಡಿಸಿದಳು. ಎಷ್ಟೋ ವರ್ಷಗಳಿಂದ ಆ ಕೋಣೆಯಲ್ಲಿ ಬಂದವರನ್ನೆಲ್ಲ ಅವಳು ಇದೇ ಮಾತು ಕೇಳಿದ್ದಳು. ಅವಳನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಹುಡುಗಿ ಗಾಬರಿಯಾಗಲಿಲ್ಲ. ಟೀ ಲೋಟವನ್ನು ಅವಳ ಎರಡೂ ಕೈಯೊಳಗಿಟ್ಟು, ಎದುರಿಗೆ ನೆಲದ ಮೇಲೆ ಕೂತು, "ಅಳಿ, ಪರವಾಗಿಲ್ಲ. ನಾನೂ ಇಲ್ಲೇ ಅತ್ತಿದ್ದೆ. ಗೈಡ್ ಏನಾದ್ರೂ ಅಂದ್ರಾ?" ಅಂದಳು.

"ಇಲ್ಲಮ್ಮ," ಅಂದಳು ಚಿಕ್ಕಮ್ಮ. ಆ ಮಾತು ತನ್ನ ಬಾಯಿಂದ ಹೊರಡುತ್ತದೋ ಇಲ್ಲವೋ ಅಂತ ಅವಳಿಗೇ ಅನುಮಾನವಿದ್ದ ಹಾಗಿತ್ತು. "ಮುಗಿಸಿದೆ. ಈಗ ತಾನೇ ಕೊಟ್ಟು ಬಂದೆ."

ಹುಡುಗಿ ಕಿರುಚಿಕೊಂಡು ಎದ್ದು ಅವಳನ್ನು ಟೀ ಸಮೇತ ತಬ್ಬಿಕೊಂಡಳು. ವಾದ ಮಾಡುತ್ತಿದ್ದವರೆಲ್ಲ ವಾದ ನಿಲ್ಲಿಸಿ, ಏನಾಯಿತು, ಯಾರದ್ದು ಮುಗಿಯಿತು ಅಂತ ಸುತ್ತ ನೆರೆದರು. ಯಾರು ಏನು ಅಂತ ಗೊತ್ತಿಲ್ಲದ ಒಬ್ಬ ಹೆಂಗಸಿಗಾಗಿ ಇಡೀ ಕೋಣೆ ಚಪ್ಪಾಳೆ ತಟ್ಟಿತು, ಯಾರೋ ಶಿಳ್ಳೆ ಹೊಡೆದರು, ಯಾರೋ ತಮ್ಮ ಊಟದ ಡಬ್ಬಿ ಬಿಚ್ಚಿ ಅವಳ ಮುಂದೆ ಹಿಡಿದರು. ನಾನು ಬಾಗಿಲಲ್ಲೇ ನಿಂತು ನಾಚಿಕೆ ಬಿಟ್ಟು ಅತ್ತೆ. ನನ್ನ ಕಡೆ ಯಾರೂ ನೋಡಲಿಲ್ಲ, ನನಗೆ ಅದು ಖುಷಿಯೇ ಆಯಿತು. ಚಿಕ್ಕಮ್ಮ ಮಧ್ಯದಲ್ಲಿ ಕೂತು, ಅಳುತ್ತಾ ನಗುತ್ತಾ, ಎಲ್ಲರಿಗೂ ತಲೆಯಾಡಿಸುತ್ತಾ ಟೀ ಕುಡಿದಳು. ಅವಳು ಬಿಸಿ ಆರುವ ಮೊದಲೇ ಟೀ ಕುಡಿದು ಮುಗಿಸಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.